ಮೂವತ್ತು ಹುಣಸೆ ಬೀಜದ ಬಂಡವಾಳ

ಉದ್ಯಮಶೀಲತೆ ಎಂಬ ಮಾತು ಕೇಳಿದೊಡನೆ ನಿಮಗೆ ಕಾರ್ಖಾನೆ, ಬ್ಯಾಂಕ್ ಸಾಲ, ಕೋಟಿಗಳ ಲೆಕ್ಕ ನೆನಪಾಗಬಹುದು. ಸದ್ಯಕ್ಕೆ ಅವನ್ನೆಲ್ಲ ಬದಿಗಿಡಿ. ಇನ್ನೊಬ್ಬರಿಗೆ ಬೇಕಾದುದನ್ನು ಗುರುತಿಸಿ, ಕೈಯಲ್ಲಿರುವ ಸಾಮಗ್ರಿಯಲ್ಲೇ ಅದನ್ನು ಮಾಡಿಕೊಟ್ಟು, ಹಾಕಿದ್ದಕ್ಕಿಂತ ಸ್ವಲ್ಪ ಹೆಚ್ಚು ಗಳಿಸುವ ಜಾಣ್ಮೆ ಎಂದಷ್ಟೇ ನಾನು ಮಕ್ಕಳಿಗೆ ಅರ್ಥ ಹೇಳುತ್ತೇನೆ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಗೆ ಈ ಜಾಣ್ಮೆ ಚೆನ್ನಾಗಿ ಒಲಿದಿದೆ. ಎಷ್ಟು ಕಟ್ಟು ತಂದರೆ ಕತ್ತಲಾಗುವ ಮುಂಚೆ ಖಾಲಿಯಾಗುತ್ತದೆ ಎಂಬುದು ಆಕೆಗೆ ಗೊತ್ತು. ಆ ಅಂದಾಜು ಕಪ್ಪುಹಲಗೆಯ ಮೇಲೆ ಬರೆದರೆ ಬರುವುದಿಲ್ಲ, ಆಡಿದರೆ ಬರುತ್ತದೆ. ಮಕ್ಕಳಿಗೆ ಇಂಥ ಆಟ ಆಡಿಸಲು ನೀವು ವಾಣಿಜ್ಯಶಾಸ್ತ್ರ ಓದಿರಬೇಕಾಗಿಲ್ಲ.

ಮೊದಲ ಆಟಕ್ಕೆ ನೀರು ತುಂಬಿದ ಒಂದು ಬಾಟಲಿ, ನಾಲ್ಕು ಹಳೆಯ ಬಳೆ, ಒಂದು ಸೀಮೆಸುಣ್ಣ ಸಾಕು. ಜಾತ್ರೆಯಲ್ಲಿ ಬಳೆ ಎಸೆದು ಸೋಪು ಗೆಲ್ಲುವ ಆಟ ನೀವು ನೋಡಿಯೇ ಇದ್ದೀರಿ. ಇಲ್ಲಿ 3, 6, 9 ಮತ್ತು 12 ಅಡಿಗೆ ಗೆರೆ ಎಳೆಯಿರಿ. ಬಳೆ ಬಾಟಲಿಯ ಕತ್ತಿಗೆ ಬಿದ್ದರೆ, ನಿಂತ ಗೆರೆ ಎಷ್ಟು ಅಡಿಯೋ ಅಷ್ಟು ಅಂಕ. ಯಾವ ಗೆರೆಯಲ್ಲಿ ನಿಲ್ಲಬೇಕೆಂದು ತಂಡವೇ ಮಾತಾಡಿ ತೀರ್ಮಾನಿಸಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಇಂಥ ಆಟವನ್ನು ಬಹಳ ಹಿಂದೆಯೇ ಗಮನವಿಟ್ಟು ನೋಡಿದ್ದರು. ಸಾಧಿಸುವ ಹಂಬಲ ಗಟ್ಟಿಯಾಗಿರುವವರು ತೀರ ಹತ್ತಿರವೂ ಅಲ್ಲದ, ತೀರ ದೂರವೂ ಅಲ್ಲದ ಜಾಗವನ್ನು ಆರಿಸಿಕೊಳ್ಳುತ್ತಾರೆ ಎಂಬುದು ಅವರಿಗೆ ಕಂಡ ವಿಷಯ. ಸೋಲಬಹುದು, ಆದರೆ ಪ್ರಯತ್ನಪಟ್ಟರೆ ಗೆಲ್ಲಲೂಬಹುದು ಎನ್ನುವಂಥ ಜಾಗ ಅದು. ಇದನ್ನೇ ಅಳೆದು ತೂಗಿದ ಅಪಾಯ ಎನ್ನುತ್ತಾರೆ. 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಅವರ ತಂಡ ತರಬೇತಿಯನ್ನೂ ನೀಡಿತು. ನಮ್ಮಲ್ಲಿ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿ ಕೇಂದ್ರಗಳಲ್ಲಿ ಯುವಜನರಿಗೆ ಇಂಥ ಆಟಗಳನ್ನು ಆಡಿಸುತ್ತಾರೆ. ಶಾಲೆಯ ಮಕ್ಕಳಿಗೆ ನಿಯಮಗಳನ್ನು ಸ್ವಲ್ಪ ಸಡಿಲಿಸಿದರಾಯಿತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕಾಗದದ ದೋಣಿಯ ಆಟ. ನಿಧಾನವಾಗಿ ಹೇಳುತ್ತೇನೆ.

ಐದೈದು ಮಕ್ಕಳ ತಂಡ ಮಾಡಿ. ಪ್ರತಿ ತಂಡಕ್ಕೂ 30 ಹುಣಸೆ ಬೀಜ ಎಣಿಸಿ ಕೊಡಿ. ಅದೇ ಅವರ ಬಂಡವಾಳ, ಅಂದರೆ ಕೆಲಸ ಶುರುಮಾಡಲು ಕೈಯಲ್ಲಿರುವ ಹಣ. ಒಂದು ಹಾಳೆಯ ಬೆಲೆ 2 ಬೀಜ. ಒಳ್ಳೆಯ ದೋಣಿಗೆ ನೀವು ಕೊಡುವುದು 3 ಬೀಜ. ಒಳ್ಳೆಯದು ಎಂದರೇನೆಂದು ಮೊದಲೇ ತೋರಿಸಿಬಿಡಿ: ಬೋಗುಣಿಯ ನೀರಿನಲ್ಲಿ ಬಿಟ್ಟಾಗ ಹತ್ತು ಎಣಿಸುವವರೆಗೆ ವಾಲದೆ ನಿಲ್ಲಬೇಕು. ಸಮಯ ಹತ್ತು ನಿಮಿಷ. ಕೊಂಡ ಹಾಳೆಯನ್ನು ವಾಪಸು ಪಡೆಯುವಂತಿಲ್ಲ. ಆದ್ದರಿಂದ ಎಷ್ಟು ದೋಣಿ ಮಾಡಬಲ್ಲೆವೆಂದು ತಂಡ ಮೊದಲೇ ಬರೆದುಕೊಡಬೇಕು.

ಈಗ ಗಮನಿಸಿ. ಒಂದು ತಂಡ ಹುರುಪಿನಲ್ಲಿ 15 ಹಾಳೆ ಕೊಳ್ಳುತ್ತದೆ, 30 ಬೀಜವೂ ಮುಗಿಯಿತು. ತೇಲಿದ್ದು 9 ದೋಣಿ. ಬಂದದ್ದು 27 ಬೀಜ, 3 ಬೀಜ ನಷ್ಟ. ಪಕ್ಕದ ತಂಡ 8 ಹಾಳೆ ಕೊಂಡು ಎಂಟನ್ನೂ ತೇಲಿಸಿತೆನ್ನಿ. ಉಳಿದಿದ್ದ 14ಕ್ಕೆ 24 ಸೇರಿ 38 ಆಯಿತು, 8 ಬೀಜ ಲಾಭ. ಹೆಚ್ಚು ದೋಣಿ ಮಾಡಿದವರು ಸೋತರು, ಕಡಿಮೆ ಮಾಡಿದವರು ಗೆದ್ದರು. ಮಕ್ಕಳು ಇದನ್ನು ಒಪ್ಪುವುದಿಲ್ಲ, ಬೀಜಗಳನ್ನು ಮತ್ತೆ ಮತ್ತೆ ಎಣಿಸುತ್ತಾರೆ. ಎಣಿಸಲು ಬಿಡಿ. ಎಂಟನ್ನೇ ಮಾಡಿ ನಿಂತ ತಂಡಕ್ಕೆ ಇನ್ನೂ ನಾಲ್ಕು ನಿಮಿಷ ಉಳಿದಿತ್ತೆಂದು ಯಾರಾದರೂ ಹೇಳಿದರೆ, ಅದೂ ಸರಿಯಾದ ಮಾತು.

ಆಟ ಮುಗಿದ ಮೇಲಿನ ಮಾತುಕತೆಗೆ ಆಟದಷ್ಟೇ ಹೊತ್ತು ಮೀಸಲಿಡಿ. ಹೊಸಬರು ಅವಸರಪಟ್ಟು ಬಿಟ್ಟುಬಿಡುವುದು ಇದನ್ನೇ. ಗೆದ್ದವರನ್ನು ಮೊದಲು ಮಾತಾಡಿಸಬೇಡಿ. ನಷ್ಟವಾದ ತಂಡವನ್ನು ಕೇಳಿ. ಹದಿನೈದು ಎಂದು ಬರೆದದ್ದು ಯಾರು? ಬೇಡವೆಂದವರು ಯಾರಾದರೂ ಇದ್ದರೇ, ಅವರ ಮಾತು ಯಾಕೆ ಕೇಳಿಸಲಿಲ್ಲ? ಎಷ್ಟೋ ಸಲ ಸರಿಯಾದ ಅಂದಾಜು ಹಿಂದೆ ಕುಳಿತ ಮೌನಿ ಮಗುವಿನದೇ ಆಗಿರುತ್ತದೆ. ಉತ್ತರ ನಿಮಗೆ ಗೊತ್ತಿದ್ದರೂ ಹೇಳಬೇಡಿ. ಎರಡನೆಯ ಸುತ್ತು ಆಡಿಸಿ. ಒಬ್ಬರು ಮಡಿಸುವುದು, ಒಬ್ಬರು ಅಂಚು ತೀಡುವುದು, ಒಬ್ಬರು ತೇಲಿಸಿ ಪರೀಕ್ಷಿಸುವುದು ಎಂದು ಕೆಲಸ ಹಂಚಿಕೊಳ್ಳುವುದನ್ನು ಅವರೇ ಕಂಡುಕೊಳ್ಳುತ್ತಾರೆ.

ನಮ್ಮ ಅನೇಕ ಸರ್ಕಾರಿ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆಯನ್ನು ನೀವು ಕಂಡಿರಬಹುದು. ಅಲ್ಲಿ ಹುಣಸೆ ಬೀಜವಲ್ಲ, ನಿಜವಾದ ರೂಪಾಯಿ. ಕಾಗದವಲ್ಲ, ಬಾಡಿಹೋಗುವ ಕೊತ್ತಂಬರಿ. ದೋಣಿಯ ಆಟ ಆಡಿದ ಮಕ್ಕಳನ್ನು ಅದಕ್ಕೆ ಅಣಿಗೊಳಿಸುವುದು ಸುಲಭ. ಹಿಂದಿನ ವಾರವೇ ಅವರನ್ನು ಊರ ಸಂತೆಗೆ ಕರೆದುಕೊಂಡು ಹೋಗಿ. ವ್ಯಾಪಾರ ಬಿಡುವಾದಾಗ ಸೊಪ್ಪಿನ ಅಜ್ಜಿಯ ಪಕ್ಕ ಕುಳಿತು ಅವರೇ ಕೇಳಲಿ: “ಅಜ್ಜಿ, ಇವತ್ತು ಎಷ್ಟು ಕಟ್ಟು ತಂದ್ರಿ? ಅಷ್ಟೇ ಯಾಕೆ ತಂದ್ರಿ?”