ವಾದ್ಯವು ತಾನಾಗಿ ಕೂಗುವುದೇಕೆ?



ವಾರ್ಷಿಕೋತ್ಸವದ ಅಭ್ಯಾಸಕಾಲದಲ್ಲಿ ನಡೆದ ಒಂದು ಸಂಗತಿಯು ನಮಗೇ ಪಾಠವಾಯಿತಾದ್ದರಿಂದ, ಅದನ್ನು ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತೇವೆ. ಮಾನವಿ ಸೀಮೆಯ ಚೀಕಲಪರ್ವಿಯಿಂದ ಬಂದು ನಮ್ಮ ವಸತಿಗೃಹದಲ್ಲಿರುವ ಬಾಲಿಕೆಯೊಬ್ಬಳು ವಿದ್ಯುತ್ ಬಾಸ್ ಗಿಟಾರನ್ನು ನುಡಿಸುತ್ತಾಳೆ. ಭತ್ತದ ಸುಗ್ಗಿಯ ಹಣದಿಂದ ತಂದೆಯು ಕೊಡಿಸಿದ ವಾದ್ಯವದು. ಒಂದು ಸಂಜೆ ಅವಳು ನಾದವನ್ನು ಒರಟುಗೊಳಿಸುವ ಡಿಸ್ಟಾರ್ಶನ್ ಪೆಡಲನ್ನು ಕಾಲಿನಿಂದ ಒತ್ತಿದೊಡನೆಯೇ ಧ್ವನಿವರ್ಧಕವು ತಾನಾಗಿ ಊಳಿಡತೊಡಗಿತು. ನಾವು ಎಲ್ಲರೆದುರಿಗೆ ಅವಳನ್ನು ಗದರಿಸಿ ವಾದ್ಯವನ್ನು ಒಳಗಿಡಿಸಿದೆವು. ವಾದ್ಯವೇ ಕೆಟ್ಟದ್ದೆಂದು ನಂಬಿದ ಅವಳು, ಅದನ್ನು ಸಿಕ್ಕಿದ ಬೆಲೆಗೆ ಮಾರಿಬಿಡುವಂತೆ ಮನೆಗೆ ಹೇಳಿಕಳುಹಿಸಿದಳು.

ಭಾನುವಾರ ತಂದೆಯು ಬಂದರು. ಅವರು ಜಾತ್ರೆ, ಮದುವೆಗಳಿಗೆ ಮೈಕ್ ಸೆಟ್ಟನ್ನು ಬಾಡಿಗೆಗೆ ಕೊಡುವವರು. ಅವರು ನಮ್ಮನ್ನು ಕೇಳಿದುದು ಒಂದೇ ಮಾತು: "ಟೀಚರಮ್ಮ, ತಂತಿ ಮ್ಯಾಲ ಕೈ ಇಟ್ಟಾಗ ಕೂಗು ನಿಂತಿತ್ತೇನ್ರಿ?" ನಮ್ಮಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನಾವು ಪರೀಕ್ಷಿಸಿಯೇ ಇರಲಿಲ್ಲ.

ಕೂಗಿನ ಕಾರಣ

ಬಾಸ್ ಗಿಟಾರಿನ ತಂತಿಯು ಮಿಡಿದಾಗ ಅದರ ಕೆಳಗಿರುವ ಪಿಕಪ್ಪಿನ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯು ಆ ಮಿಡಿತವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಆಂಪ್ಲಿಫೈಯರು ಅದನ್ನು ಹೆಚ್ಚಿಸಿ ಧ್ವನಿವರ್ಧಕಕ್ಕೆ ಕೊಡುತ್ತದೆ. ಹೊರಟ ಧ್ವನಿಯು ಗಾಳಿಯ ಮೂಲಕ ಮರಳಿ ಬಂದು ಅದೇ ತಂತಿಯನ್ನು ಅಲುಗಿಸುತ್ತದೆ. ಚೀಕಲಪರ್ವಿಯು ವಿಜಯದಾಸರ ಊರಾದುದರಿಂದ ಅಲ್ಲಿಯವರಿಗೆ ತಂಬೂರಿಯು ಹೊಸದಲ್ಲ. ಒಂದೇ ಶ್ರುತಿಯಲ್ಲಿರುವ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಮತ್ತೊಂದು ಮುಟ್ಟದೆಯೇ ಮಿಡಿಯುವುದನ್ನು ಅವರು ಬಲ್ಲರು. ಇಲ್ಲಿ ನಡೆಯುವುದೂ ಆ ಬಗೆಯದೇ. ಮರಳಿ ಬಂದ ಮಿಡಿತವು ಹೊರಟದ್ದಕ್ಕಿಂತ ಕಡಿಮೆಯಾದರೆ ಕ್ರಮೇಣ ಅಡಗುತ್ತದೆ. ಹೆಚ್ಚಾಗಿ, ಹೊರಟ ಮಿಡಿತದೊಡನೆ ಹೆಜ್ಜೆಗೂಡಿದರೆ ಸುತ್ತುಸುತ್ತಿಗೂ ಬೆಳೆದು ಕೂಗಾಗುತ್ತದೆ. ಇದನ್ನು ವಿವರಿಸಿದ ಡೆನ್ಮಾರ್ಕಿನ ವಿಜ್ಞಾನಿ ಸೊರೆನ್ ಲಾರ್ಸೆನ್ ಅವರ ನೆನಪಿಗಾಗಿ ಇದಕ್ಕೆ ಲಾರ್ಸೆನ್ ಪರಿಣಾಮವೆಂಬ ಹೆಸರೂ ಉಂಟು.

ಪೆಡಲನ್ನು ಒತ್ತಿದಾಗಲೇ ಏಕೆ ಹೀಗಾಗುತ್ತದೆ? ಡಿಸ್ಟಾರ್ಶನ್ ಎಂಬುದು ಧ್ವನಿಯನ್ನು ಬಹುಪಾಲು ಹೆಚ್ಚಿಸಿ, ಅದರ ತುದಿಗಳನ್ನು ಕತ್ತರಿಸುತ್ತದೆ. ಇದರಿಂದ ಮೆಲ್ಲನೆಯ ಮಿಡಿತವೂ ಗಟ್ಟಿಯಾದ ಮಿಡಿತದ ಸಮೀಪಕ್ಕೆ ಬರುತ್ತದೆ. ಮೊದಲು ತಾನಾಗಿ ಅಡಗುತ್ತಿದ್ದ ಅಲ್ಪ ಮಿಡಿತವೇ ಈಗ ಸುತ್ತನ್ನು ಪೂರ್ಣಗೊಳಿಸಲು ಸಾಕಾಗುತ್ತದೆ.

ಬಾಸಿಗೆ ಮತ್ತೊಂದು ವಿಶೇಷವುಂಟು. ಅದರ ಅತ್ಯಂತ ತಗ್ಗಿನ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಮಿಡಿಯುತ್ತದೆ. ಆ ಧ್ವನಿಯ ಒಂದು ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಇಂತಹ ಅಲೆಯು ಎಲ್ಲ ದಿಕ್ಕಿಗೂ ಹರಡುವುದಲ್ಲದೆ, ಪೊಳ್ಳಾದ ಮರದ ವೇದಿಕೆಯನ್ನೂ ನಡುಗಿಸುತ್ತದೆ. ಆದಕಾರಣ ಮುಖ ತಿರುಗಿಸಿ ನಿಂತ ಮಾತ್ರಕ್ಕೆ ಕೂಗು ನಿಲ್ಲದು.

ಮೂರು ಪರೀಕ್ಷೆಗಳು

1. ಕೂಗು ಎದ್ದಾಗ ಎಲ್ಲ ತಂತಿಗಳನ್ನೂ ಅಂಗೈಯಿಂದ ಅದುಮಬೇಕು. ನಿಂತರೆ ಅದು ತಂತಿಯ ಕೂಗು; ವಾದ್ಯದಲ್ಲಿ ದೋಷವಿಲ್ಲ.

2. ತಂತಿ ಅದುಮಿದರೂ ಕೀರಲು ಧ್ವನಿ ಮುಂದುವರಿದರೆ, ಪಿಕಪ್ಪನ್ನು ಉಗುರಿನಿಂದ ಮೆಲ್ಲಗೆ ತಟ್ಟಬೇಕು. ಮೈಕಿನ ಮೇಲೆ ತಟ್ಟಿದಂತೆ ಸದ್ದು ಜೋರಾಗಿ ಕೇಳಿದರೆ, ಸುರುಳಿಯ ಎಳೆಗಳು ಸಡಿಲಾಗಿರಬಹುದು. ಬಲ್ಲ ಕುಶಲಿಯು ಅದಕ್ಕೆ ಮೇಣವನ್ನು ತುಂಬಿ ಸರಿಪಡಿಸುವನು. ಇದನ್ನು ಮನೆಯಲ್ಲಿ ಪ್ರಯತ್ನಿಸತಕ್ಕದ್ದಲ್ಲ. ಶಾಖ ಮಿತಿಮೀರಿದರೆ ಪಿಕಪ್ಪೇ ಹಾಳಾಗುವುದು.

3. ವಾದ್ಯದ ಧ್ವನಿಯ ಗುಂಡಿಯನ್ನು ಪೂರ್ಣ ತಗ್ಗಿಸಿದರೂ ಸದ್ದು ಉಳಿದರೆ, ದೋಷವು ಮುಂದಿನ ಕೇಬಲ್, ಪೆಡಲ್ ಅಥವಾ ವಿದ್ಯುತ್ ಸರಬರಾಜಿನಲ್ಲಿದೆ. ಒಂದೇ ಸಮನಾದ ತಗ್ಗಿನ ಗುಂಯ್‌ಕಾರವು ಈ ಕೂಗಲ್ಲ. ಅದು 50 ಆವರ್ತದ ಮನೆಯ ವಿದ್ಯುತ್ತಿನದು. ಅದನ್ನು ಅಡಗಿಸಲೆಂದು ಪ್ಲಗ್ಗಿನ ಭೂಸಂಪರ್ಕದ ಪಿನ್ನನ್ನು ಎಂದಿಗೂ ತೆಗೆಯಬಾರದು. ಅದು ಪ್ರಾಣಕ್ಕೆ ಅಪಾಯ.

ಪರಿಹಾರಗಳು

ಇವುಗಳನ್ನು ಒಮ್ಮೆಗೆ ಒಂದರಂತೆ ಮಾಡಿ ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಗುಣ ಕೊಟ್ಟಿತೆಂದು ತಿಳಿಯದು. ಮೊದಲು ಪೆಡಲಿನ ಗೇನನ್ನು ಅರ್ಧಕ್ಕೆ ಇಳಿಸಬೇಕು. ಮೇಳದಲ್ಲಿ ಅಷ್ಟೇ ಸಾಕಾಗುವುದು. ಶುದ್ಧ ನಾದವನ್ನು ಬೆರೆಸುವ ಗುಂಡಿಯಿದ್ದರೆ ಅದನ್ನೂ ಬಳಸಬಹುದು. ಆಮೇಲೆ ಧ್ವನಿವರ್ಧಕವನ್ನು ಪೊಳ್ಳು ವೇದಿಕೆಯಿಂದ ಗಟ್ಟಿ ನೆಲಕ್ಕೆ ಇಳಿಸಿ, ಅದರಿಂದ ದೂರವಾಗಿ ನಿಲ್ಲಬೇಕು. ನುಡಿಸದಿರುವ ತಂತಿಗಳನ್ನು ಎಡಗೈಯಿಂದ ಮುಟ್ಟಿ ಹಿಡಿಯುವ ಅಭ್ಯಾಸವು ಬೇಕು. ಕುದುರೆಯ ಬಳಿ ತಂತಿಗಳಡಿಯಲ್ಲಿ ತೆಳುವಾದ ಸ್ಪಂಜಿನ ತುಂಡನ್ನಿಟ್ಟರೂ ನಡೆಯುವುದು. ಒಂದೇ ಸ್ವರದಲ್ಲಿ ಕೂಗು ಏಳುತ್ತಿದ್ದರೆ ಈಕ್ವಲೈಸರಿನಲ್ಲಿ ಆ ಸ್ವರವನ್ನು ಮಾತ್ರ ತಗ್ಗಿಸಬೇಕು. ನಾಯ್ಸ್ ಗೇಟ್ ಎಂಬ ಸಾಧನವು ನುಡಿಸದಿರುವಾಗ ಮಾತ್ರ ಬಾಗಿಲು ಮುಚ್ಚುತ್ತದೆ. ನುಡಿಸುವಾಗ ಏಳುವ ಕೂಗಿಗೆ ಅದು ಔಷಧವಲ್ಲ.

ಆ ಭಾನುವಾರ ತಂದೆಯು ಮಗಳಿಂದ ಪೆಡಲನ್ನು ಒತ್ತಿಸಿ, ತಂತಿಗಳ ಮೇಲೆ ಕೈಯಿಡಿಸಿದರು. ಕೂಗು ಥಟ್ಟನೆ ನಿಂತಿತು. ವಾದ್ಯವು ನೆಟ್ಟಗಿತ್ತು; ತಪ್ಪಾಗಿದ್ದುದು ಅವಳ ಬೆನ್ನ ಹಿಂದೆಯೇ, ವೇದಿಕೆಯ ಹಲಗೆಯ ಮೇಲೆ, ನಾವೇ ಇರಿಸಿದ್ದ ಧ್ವನಿವರ್ಧಕದ ಸ್ಥಾನ. ಅದನ್ನು ಕೆಳಗಿಳಿಸಿ ದೂರವಿಟ್ಟು, ಗೇನನ್ನು ತಗ್ಗಿಸಿದ ಮೇಲೆ ನಾದವು ಹತೋಟಿಗೆ ಬಂದಿತು.

ಮರುದಿನ ಬೆಳಗಿನ ಪ್ರಾರ್ಥನಾಕೂಟದಲ್ಲಿ, ಗದರಿಸಿದಷ್ಟೇ ಬಹಿರಂಗವಾಗಿ, ನಮ್ಮ ತಪ್ಪನ್ನು ನಾವು ಒಪ್ಪಿಕೊಂಡೆವು. ವಾರ್ಷಿಕೋತ್ಸವದಲ್ಲಿ ಅವಳು ನುಡಿಸಿದಳು. ತಂದೆಯು ಹಿಂದಿನ ಸಾಲಿನಲ್ಲಿ ನಿಂತು ಕೇಳಿದರು.

ಪೋಷಕರೇ, ಮನೆಯಲ್ಲಿ ಮಕ್ಕಳ ಯಾವುದೇ ಸಾಧನವು ಕೂಗಿದಾಗ, ಮೊದಲು ತಂತಿಯ ಮೇಲೆ ಕೈಯಿಟ್ಟು ನೋಡಿರಿ. ಗದರಿಕೆಯು ಆಮೇಲೆ ಬೇಕೆನಿಸಿದರೆ ಇದ್ದೇ ಇರುವುದು.