ಮೊಸರನ್ನ ತಿಂದ ಮಾತ್ರಕ್ಕೆ

ಸುಮಾ, ಬಾಲಾಜಿ ದೇವಸ್ಥಾನದ ಕ್ಯಾಂಟೀನಿನಲ್ಲಿ ಅಷ್ಟು ಜನರ ನಡುವೆ ಈ ಮಾತು ಬೇಡವೆಂದು ಸುಮ್ಮನಾದೆ. ನಿಮ್ಮ ಲ್ಯಾಬ್ರಡಾರ್ ಸಿಂಬಾಗೆ ಹದಿಮೂರು ತುಂಬಿತು, ಹಿಂಗಾಲು ಸೋತಿದೆ, ಡಾಕ್ಟರು "ಆ ದಿನ ಬಂದಾಗ ನಿಮಗೇ ತಿಳಿಯುತ್ತೆ" ಅಂದು ಕಳಿಸಿದ್ದಾರೆ, ನಿನಗೆ ಮಾತ್ರ ಏನೂ ತಿಳಿಯುತ್ತಿಲ್ಲ. ಶಿಕಾಗೋ ಬಳಿಯ ಈ ಅರೋರಾದಲ್ಲಿ ನಾಯಿ ಬೆಕ್ಕು ಸಾಕಿದ ನಮ್ಮವರ ಮನೆಗಳಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನವರಿಗೆ ತಿಳಿಯುವ ಹೊತ್ತಿಗೆ ರಾತ್ರಿ ಎರಡು ಗಂಟೆ ಆಗಿರುತ್ತೆ, ಹೊರಗೆ ಹಿಮ ಸುರಿಯುತ್ತಿರುತ್ತೆ, ಗಂಡ ಹೆಂಡತಿ ಕಂಬಳಿಯಲ್ಲಿ ಸುತ್ತಿದ ನಾಯಿಯನ್ನು ಹೊತ್ತುಕೊಂಡು ಎಮರ್ಜೆನ್ಸಿ ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತಾರೆ. ಆ ರಾತ್ರಿ ಬರುವ ಮೊದಲೇ ನೀನು ತೀರ್ಮಾನ ಮಾಡಬೇಕು. ಸ್ವಲ್ಪ ಮೊದಲೇ ಕಳಿಸಿಬಿಟ್ಟೆವೇನೋ ಎಂಬ ಕೊರಗನ್ನು ಹೇಗೋ ಹೊರಬಹುದು. ಒದ್ದಾಡಿ ಒದ್ದಾಡಿ ಹೋಯಿತಲ್ಲ ಎಂಬುದನ್ನು ಹೊರುವುದು ಬಹಳ ಕಷ್ಟ.

"ಆಂಟಿ, ಮೊಸರನ್ನ ಹಾಕಿದರೆ ತಟ್ಟೆ ನೆಕ್ಕಿ ಖಾಲಿ ಮಾಡ್ತಾನೆ" ಅಂದೆಯಲ್ಲ, ಅದನ್ನು ನೆಚ್ಚಬೇಡ. ಬೆಕ್ಕು ಊಟ ಬಿಟ್ಟರೆ ಏನೋ ಕೆಟ್ಟಿದೆ ಎಂದು ಕೂಡಲೇ ಗೊತ್ತಾಗುತ್ತೆ. ಲ್ಯಾಬ್ರಡಾರ್ ಜಾತಿಯೇ ಬೇರೆ. 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಈ ಜಾತಿಯಲ್ಲಿ ಪಿಒಎಂಸಿ ಎಂಬ ಜೀನ್‌ನ ತುಣುಕೊಂದು ಇಲ್ಲದಿರುವುದನ್ನು ಪತ್ತೆಮಾಡಿದರು. ಹೆಚ್ಚುಕಡಿಮೆ ನಾಲ್ಕು ಲ್ಯಾಬ್‌ಗಳಲ್ಲಿ ಒಂದಕ್ಕೆ ಈ ಕೊರತೆ ಇರುತ್ತೆ, ಅಂಥವಕ್ಕೆ ತಿನ್ನುವ ಆಸೆ ಜಾಸ್ತಿ. ಹೊಟ್ಟೆಯೊಳಗೆ ಗಡ್ಡೆ ಬೆಳೆದಿದ್ದರೂ ತಟ್ಟೆ ಖಾಲಿ ಮಾಡುವ ಪ್ರಾಣಿ ಅದು. ಹಾಗಾಗಿ ತಟ್ಟೆಯ ಕಡೆ ನೋಡುವುದನ್ನು ಬಿಟ್ಟು ರಾತ್ರಿಯ ಕಡೆ ನೋಡು. ಮನೆಯೆಲ್ಲ ಮಲಗಿದ ಮೇಲೆ ಸೆಕೆಯಿಲ್ಲದಿದ್ದರೂ ಏದುಸಿರು ಬಿಡುತ್ತಾನಾ? ಮಲಗಿ, ಎದ್ದು, ಮತ್ತೆ ಮಲಗಿ, ಯಾವ ಮಗ್ಗುಲೂ ಸರಿಹೋಗದೆ ಒದ್ದಾಡುತ್ತಾನಾ? ಒಂದೇ ಕೀಲನ್ನು ನೆಕ್ಕುತ್ತಿರುತ್ತಾನಾ? ಗರಾಜ್ ಬಾಗಿಲಿನ ಸದ್ದಿಗೆ ಮೊದಲು ಓಡಿಬರುತ್ತಿದ್ದವನು ಈಗ ತಲೆಯನ್ನಾದರೂ ಎತ್ತುತ್ತಾನಾ? ನಾಯಿ ನೋವೆಂದು ಕೂಗುವುದು ಬಹಳ ಅಪರೂಪ, ಕೂಗುವ ಹೊತ್ತಿಗೆ ಎಷ್ಟೋ ದಿನದಿಂದ ನುಂಗಿಕೊಂಡಿರುತ್ತೆ.

ಇನ್ನೊಂದು ಗುರುತು ನಿನ್ನ ಮನೆಯ ನೆಲದಲ್ಲೇ ಇದೆ. ಮರದ ನೆಲದ ಮೇಲೆ ಜಾರುತ್ತಾನೆಂದು ಸೋಫಾದಿಂದ ಅಡುಗೆಮನೆಯವರೆಗೆ ಯೋಗ ಮ್ಯಾಟ್ ಹಾಸಿದ್ದೀಯ. ಮೊದಲು ಒಂದೇ ಇತ್ತು, ಆಮೇಲೆ ಪ್ಯಾಟಿಯೋ ಬಾಗಿಲವರೆಗೂ ಬಂತು. ಹಿಂದಿನ ಸಲ ನಾನು ಬಂದಾಗ ಅವನು ಮ್ಯಾಟಿನ ಅಂಚಿನಲ್ಲಿ ನಿಂತು, ಮುಂದಿನ ಮ್ಯಾಟಿಗೂ ಇದಕ್ಕೂ ನಡುವೆ ಇದ್ದ ಒಂದಡಿ ಖಾಲಿ ನೆಲವನ್ನು ನೋಡುತ್ತಾ, ದಾಟಲಾರದೆ ಹಾಗೇ ಉಚ್ಚೆ ಹೊಯ್ದುಕೊಂಡ. ಆಮೇಲೆ ಕಿವಿ ಹಿಂದಕ್ಕೆ ಮಡಿಸಿ ಮುಖ ಆಚೆ ತಿರುಗಿಸಿದ. ಒರೆಸುವುದು ನಿನಗೆ ದೊಡ್ಡ ಕೆಲಸವಲ್ಲ ಎಂದು ಗೊತ್ತು. ಅವನ ಮುಖ ನೋಡಿದೆಯಾ ಎಂದು ಮಾತ್ರ ಕೇಳುತ್ತೇನೆ.

ಕ್ಯಾಲಿಫೋರ್ನಿಯಾದಲ್ಲಿ ಡಾ. ಆಲಿಸ್ ವಿಲಲೋಬೋಸ್ ಎಂಬ ಪಶುವೈದ್ಯೆ ಇದ್ದಾರೆ, ಪ್ರಾಣಿಗಳ ಕ್ಯಾನ್ಸರ್ ನೋಡುವವರು. 2004ರಲ್ಲಿ ಅವರು ಒಂದು ಅಳತೆಪಟ್ಟಿ ಮಾಡಿದರು. ನೋವು (ಉಸಿರಾಟವೂ ಇದರಲ್ಲೇ), ಹಸಿವು, ಮೈಯಲ್ಲಿ ನೀರಿನಂಶ, ಚೊಕ್ಕಟ, ಖುಷಿ, ಓಡಾಟ, ಕೊನೆಗೆ ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬುದು. ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ ಹಾಕಬೇಕು, ಎಪ್ಪತ್ತರಲ್ಲಿ 35 ದಾಟಿದರೆ ಇನ್ನೂ ನೋಡಿಕೊಳ್ಳಬಹುದು ಎಂದು ಲೆಕ್ಕ. ಹಾಕಿ ನೋಡು, ಆದರೆ ನೀನೊಂದು, ನಿನ್ನ ಗಂಡನೊಂದು, ಒಬ್ಬರದನ್ನೊಬ್ಬರು ನೋಡದೆ. ನಿಮ್ಮಿಬ್ಬರ ಅಂಕಗಳ ನಡುವಿನ ಅಂತರವೇ ಮಾತಾಡಬೇಕಾದ ಜಾಗ. ಒಟ್ಟು ಮೊತ್ತವನ್ನು ಮಾತ್ರ ನಾನು ಅಷ್ಟು ನಂಬುವುದಿಲ್ಲ. ಆರು ವಿಷಯ ಚೆನ್ನಾಗಿದ್ದು ಉಸಿರಾಟವೊಂದೇ ಕೆಟ್ಟಿದ್ದರೂ ಕಾಯಬಾರದು. ಉಸಿರಿಗೆ ಒದ್ದಾಡುವುದರಷ್ಟು ಭಯದ ಸಂಕಟ ಪ್ರಾಣಿಗೆ ಇನ್ನೊಂದಿಲ್ಲ. ಅದಕ್ಕಿಂತ ಸುಲಭದ್ದು, ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ದಿನಾ ರಾತ್ರಿ ಒಂದು ಗುರುತು ಹಾಕು, ಒಳ್ಳೆಯ ದಿನಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು. ನೆನಪು ನಮ್ಮ ಪರವಾಗಿ ಸುಳ್ಳು ಹೇಳುತ್ತೆ, ಕ್ಯಾಲೆಂಡರು ಹೇಳುವುದಿಲ್ಲ.

ಹಾಗಂತ ಔಷಧಿ ನೋಡದೆ ಕೈಚೆಲ್ಲಬೇಡ. ಕೀಲು ನೋವಿಗೆ ಕಾರ್ಪ್ರೊಫೆನ್ ಮಾತ್ರೆ ಇದೆ, ಅದರ ಜೊತೆಗೆ ಗ್ಯಾಬಪೆಂಟಿನ್ ಕೊಡುತ್ತಾರೆ. ತಿಂಗಳಿಗೊಂದು ಚುಚ್ಚುವ ಲಿಬ್ರೆಲಾಗೆ ಎಫ್‌ಡಿಎ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಎಷ್ಟೋ ನಾಯಿಗಳು ಅದರಿಂದ ಮತ್ತೆ ಮೆಟ್ಟಿಲು ಹತ್ತಿವೆ. ಆದರೆ ಕೆಲವಕ್ಕೆ ನರದ ತೊಂದರೆ ಕಾಣಿಸಿದ್ದು ವರದಿಯಾಗಿ, 2024ರ ಕೊನೆಯಲ್ಲಿ ಅದೇ ಎಫ್‌ಡಿಎ ಪಶುವೈದ್ಯರಿಗೆ ಎಚ್ಚರಿಕೆಯ ಪತ್ರವನ್ನೂ ಬರೆಯಿತು. ಸಿಂಬಾನದು ಕೀಲಿನ ತೊಂದರೆಯೋ, ಬೆನ್ನುಹುರಿಯದೋ ಎಂದು ಮೊದಲು ಕೇಳು. ಒಂದು ಮಾತು ಮಾತ್ರ ನೆನಪಿಡು: ಮಾವನವರ ಪೆಟ್ಟಿಗೆಯಲ್ಲಿ ಊರಿಂದ ಬಂದ ಡೋಲೋ, ಬ್ರೂಫೆನ್ ಏನಿದೆಯೋ ಅದರಲ್ಲಿ ಒಂದು ಚೂರೂ ಅವನಿಗೆ ಕೊಡಬೇಡಿ. ಬ್ರೂಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತೆ, ಮೂತ್ರಪಿಂಡ ಕೆಡಿಸುತ್ತೆ. ಬೆಕ್ಕಿಗಾದರೆ ಒಂದು ಡೋಲೋ ಸಾಕು, ಪ್ರಾಣವೇ ಹೋಗುತ್ತೆ.

ಇನ್ನು ದುಡ್ಡಿನ ವಿಷಯ. ಇಲ್ಲಿ ನಾಯಿಯ ಚಿಕಿತ್ಸೆ ಸಾವಿರಾರು ಡಾಲರಿಗೆ ಹೋಗುತ್ತೆ, ಅದನ್ನು ಬಾಯಿಬಿಟ್ಟು ಹೇಳಲು ನಮ್ಮವರಿಗೆ ಸಂಕೋಚ. "ಇಷ್ಟರೊಳಗೆ ಏನು ಮಾಡಬಹುದು" ಎಂದು ಡಾಕ್ಟರನ್ನು ನೇರವಾಗಿ ಕೇಳು. ಹದಿಮೂರು ವರ್ಷದ ನಾಯಿಗೆ ಸಾಲ ಮಾಡಿ ಕೀಮೋ ಕೊಡಿಸದಿದ್ದರೆ ಪ್ರೀತಿ ಕಡಿಮೆ ಎಂದು ಯಾರಾದರೂ ಅಂದರೆ ಅವರ ಹೆಸರು ನನಗೆ ಹೇಳು.

ನಿನ್ನ ಅತ್ತೆಯವರು "ಕೊಲ್ಲಿಸಿದರೆ ಪಾಪ, ತಾನಾಗಿ ಹೋಗಲಿ" ಅನ್ನುತ್ತಿದ್ದಾರಲ್ಲ, ಅವರ ಮೇಲೆ ರೇಗಬೇಡ. ನಾವೂ ಅದೇ ಮಾತು ಕೇಳಿ ಬೆಳೆದವರು. ಅವರೊಡನೆ ಕೂತು ಸಾಬರಮತಿಯ ಕರುವಿನ ಕಥೆ ಹೇಳು. 1928ರಲ್ಲಿ ಗಾಂಧೀಜಿಯ ಆಶ್ರಮದಲ್ಲಿ ಒಂದು ಕರು ಊನಗೊಂಡು ನೆಲಹಿಡಿದಿತ್ತು. ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ, ಎತ್ತಲೂ ಆಗುತ್ತಿರಲಿಲ್ಲ, ಪಶುವೈದ್ಯರು ಕೈಬಿಟ್ಟಿದ್ದರು. ಗಾಂಧೀಜಿ ಆಶ್ರಮದವರನ್ನು ಕೂಡಿಸಿ ಕೇಳಿದರು. ಕೊಡಲಾಗದ ಪ್ರಾಣವನ್ನು ತೆಗೆಯುವ ಹಕ್ಕು ನಮಗಿಲ್ಲ ಎಂದು ಒಬ್ಬರು ವಾದಿಸಿದರು. ನಮ್ಮ ಸ್ವಾರ್ಥಕ್ಕೆ ಪ್ರಾಣ ತೆಗೆಯುವುದಾದರೆ ಆ ವಾದಕ್ಕೆ ಬೆಲೆ ಇದೆ, ಇಲ್ಲಿ ಇಲ್ಲ ಎಂಬುದು ಗಾಂಧೀಜಿಯ ಉತ್ತರ. ವೈದ್ಯರೊಬ್ಬರನ್ನು ಕರೆಸಿ ಇಂಜೆಕ್ಷನ್ ಕೊಡಿಸಿದರು, ಎರಡು ನಿಮಿಷದೊಳಗೆ ಮುಗಿಯಿತು. ಊರೆಲ್ಲ ಬೈದು ಕಾಗದ ಬರೆಯಿತು. ನವಜೀವನದಲ್ಲೂ ಯಂಗ್ ಇಂಡಿಯಾದಲ್ಲೂ ಅವರು ಅದನ್ನು ಬಚ್ಚಿಡದೆ ಬರೆದು ಉತ್ತರ ಕೊಟ್ಟರು. ಅಹಿಂಸೆಯನ್ನು ಅವರಿಗಿಂತ ಹೆಚ್ಚು ತಲೆಗೆ ಹಚ್ಚಿಕೊಂಡವರು ಯಾರಿದ್ದಾರೆ ಹೇಳು. ಭಾರತದ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲೂ ನರಳುವ ಪ್ರಾಣಿಗೆ ಮುಕ್ತಿ ಕೊಡಲು ಒಂದು ಕಲಮು ಇದೆ. ಅತ್ತೆಯವರು ಒಪ್ಪಲಿ ಬಿಡಲಿ, ಗುಟ್ಟಾಗಿ ಮಾತ್ರ ಮಾಡಬೇಡಿ.

ಗಾಂಧೀಜಿ ಹೇಳಿದ ಆ ಸ್ವಾರ್ಥದ ಮಾತಿದೆಯಲ್ಲ, ಅದನ್ನು ನಾವು ನಮಗೇ ಕೇಳಿಕೊಳ್ಳಬೇಕು. ಡಿಸೆಂಬರಿಗೆ ನೀವು ಬೆಂಗಳೂರಿಗೆ ಟಿಕೆಟ್ ತೆಗೆಸಿದ್ದೀರಿ. ಟಿಕೆಟ್ ಇಲ್ಲದಿದ್ದರೂ ಈ ವಾರವೇ ಈ ತೀರ್ಮಾನ ಮಾಡುತ್ತಿದ್ದೆನಾ ಎಂದು ಕೇಳಿಕೋ. ಹೌದು ಅನ್ನಿಸಿದರೆ ಟಿಕೆಟ್ಟಿನ ಅಪರಾಧಭಾವ ಬೇಡ. ಇಲ್ಲ ಅನ್ನಿಸಿದರೆ ಒಬ್ಬರು ಹೋಗಿ, ಒಬ್ಬರು ಇರಿ. ಆದರೆ ಎದ್ದು ನಿಲ್ಲಲಾರದ ಮುದಿ ನಾಯಿಯನ್ನು ನಾಲ್ಕು ವಾರ ಬೋರ್ಡಿಂಗಿನಲ್ಲಿ ಬಿಟ್ಟು, ಅಲ್ಲಿ ಅಪರಿಚಿತರ ಕೈಯಲ್ಲಿ ಅದು ಸಾಯುವ ಹಾಗೆ ಮಾಡಬೇಡಿ. ಅದಕ್ಕಿಂತ ಹೊರಡುವ ಮೊದಲು ನಿಮ್ಮ ತೊಡೆಯ ಮೇಲೆ ಕಳಿಸುವುದು ಎಷ್ಟೋ ಮೇಲು.

ಸ್ವಾರ್ಥಕ್ಕೆ ಇನ್ನೊಂದು ಮುಖವೂ ಇದೆ, ಅದು ಬೇಗ ಕಳಿಸುವುದಲ್ಲ, ಉಳಿಸಿಕೊಳ್ಳುವುದು. ಇದನ್ನು ಹೇಳಲು ನನಗೂ ಕಷ್ಟ. ನಿಮ್ಮ ತಂದೆ ಹೋದಾಗ ನೀನು ಇಲ್ಲೇ ಇದ್ದೆ, ಕೊರೋನಾ ಕಾಲ, ವಿಮಾನವಿರಲಿಲ್ಲ, ಫೋನಿನ ಪರದೆಯಲ್ಲಿ ಬೆಂಕಿ ನೋಡಿದೆ. ಈ ಊರಿನಲ್ಲಿ ಪ್ರತಿ ಮನೆಯಲ್ಲೂ ಅಂಥದ್ದೊಂದು ಫೋನ್ ಇದೆ. ಅಪ್ಪನ ಬಳಿ ಇರಲಾಗದವರು ನಾಯಿಯ ಬಳಿ ಕೂತು, ಅಲ್ಲಿ ಮಾಡಲಾಗದ ಸೇವೆಯನ್ನೆಲ್ಲ ಇಲ್ಲಿ ಮಾಡುತ್ತಾರೆ. ಸಿರಿಂಜಿನಲ್ಲಿ ಗಂಜಿ, ಚರ್ಮದಡಿಗೆ ಸಲೈನು, ರಾತ್ರಿಯಿಡೀ ಜಾಗರಣೆ. ನೋಡುವವರಿಗೆ ಕಣ್ಣಲ್ಲಿ ನೀರು ಬರುತ್ತೆ. ನಾಯಿಗೆ ಮಾತ್ರ ಅದರಿಂದ ಇನ್ನೂ ಒಂದು ವಾರ ನೋವು. ಅಪ್ಪನ ಋಣ ಅಪ್ಪನದು, ಸಿಂಬಾನ ಮೇಲೆ ಅದನ್ನು ಹೊರಿಸಬೇಡ ತಾಯಿ.

'777 ಚಾರ್ಲಿ' ಬಂದಾಗ, 2022ರಲ್ಲಿ, ನಾವೆಲ್ಲ ಟಿಶ್ಯೂ ಹಿಡಿದುಕೊಂಡು ಹೋಗಿ ನೋಡಿ ಬಂದೆವು. ಒಳ್ಳೆಯ ಸಿನಿಮಾವೇ. ಆದರೆ ಕ್ಯಾನ್ಸರ್ ಬಂದ ನಾಯಿ ಹಿಮದ ಬೆಟ್ಟ ನೋಡಿ ಶಾಂತವಾಗಿ ಹೋಗುತ್ತೆ ಎಂಬ ಆಸೆಯನ್ನು ಅದು ನಮ್ಮವರ ತಲೆಯಲ್ಲಿ ಬಿತ್ತಿತು ಅಂತ ನನ್ನ ದೂರು. ಗುಲ್ಮದಲ್ಲಿ ರಕ್ತನಾಳದ ಗಡ್ಡೆ ಬೆಳೆದ ನಾಯಿ ಹೆಚ್ಚಿನ ಸಲ ಸಾಯುವುದು ಅದು ಒಡೆದು, ಹೊಟ್ಟೆಯೊಳಗೆ ರಕ್ತ ತುಂಬಿ, ಕುಸಿದುಬಿದ್ದು. ನಿದ್ದೆಯಲ್ಲೇ ಹೋಗುವ ಪುಣ್ಯ ಎಲ್ಲೋ ಕೆಲವಕ್ಕೆ.

ಈಗ ಆ ದಿನದ ಮಾತು. ಮನೆಗೇ ಬಂದು ಮಾಡಿಕೊಡುವ ಪಶುವೈದ್ಯರು ಶಿಕಾಗೋ ಸುತ್ತಮುತ್ತ ಇದ್ದಾರೆ. ಕೆಲವು ನೂರು ಡಾಲರ್ ಹೆಚ್ಚಾದರೂ ಕಾರು ಹತ್ತಲಾರದ ನಾಯಿಗೆ ಅದೇ ವಾಸಿ. ಗುರುವಾರ ಅಥವಾ ಶುಕ್ರವಾರ ಇಟ್ಟುಕೊಳ್ಳಿ, ಮಕ್ಕಳಿಗೆ ಅಳಲು ವಾರಾಂತ್ಯ ಸಿಗಲಿ. ಸಹಿ ಹಾಕುವುದು, ದುಡ್ಡು ಕಟ್ಟುವುದು ಎಲ್ಲ ಮೊದಲೇ ಮುಗಿಸಿ. ಫಾರಮಿನಲ್ಲಿ "ಕಳೆದ ಹತ್ತು ದಿನಗಳಲ್ಲಿ ಯಾರನ್ನಾದರೂ ಕಚ್ಚಿದೆಯೇ" ಎಂಬ ಪ್ರಶ್ನೆ ಇರಬಹುದು. ಅದು ರೇಬೀಸ್ ನಿಯಮಕ್ಕಾಗಿ, ಗಾಬರಿಯಾಗಬೇಡ. ಮೊದಲು ಮಂಪರಿನ ಚುಚ್ಚುಮದ್ದು, ಹತ್ತು ಹದಿನೈದು ನಿಮಿಷದಲ್ಲಿ ಗಾಢ ನಿದ್ದೆ. ಆಮೇಲೆ ಮುಂಗಾಲಿನ ಕೂದಲು ಸ್ವಲ್ಪ ಬೋಳಿಸಿ ರಕ್ತನಾಳಕ್ಕೆ ಪೆಂಟೊಬಾರ್ಬಿಟಾಲ್ ಕೊಡುತ್ತಾರೆ. ಅದು ಅರಿವಳಿಕೆಯ ಔಷಧಿಯೇ, ಪ್ರಮಾಣ ಮಾತ್ರ ಬಹಳ ಹೆಚ್ಚು. ಒಂದೆರಡು ನಿಮಿಷದಲ್ಲಿ ಹೃದಯ ನಿಲ್ಲುತ್ತೆ. ಕಣ್ಣು ಮುಚ್ಚುವುದಿಲ್ಲ, ಇದನ್ನು ಮಕ್ಕಳಿಗೆ ಮೊದಲೇ ಹೇಳು. ಹೃದಯ ನಿಂತ ಮೇಲೂ ಒಂದೆರಡು ಸಲ ಉಸಿರೆಳೆದಂತೆ ಆಗಬಹುದು, ಉಚ್ಚೆ ಹೋಗಬಹುದು, ಕೆಳಗೆ ದಪ್ಪ ಟವಲು ಹಾಸಿರು. ಅತ್ತೆಯವರು ತುಳಸಿ ನೀರು ಹಾಕುತ್ತೇನೆ ಅಂದರೆ ಮಂಪರು ಬರುವ ಮೊದಲೇ ಹಾಕಲಿ, ಆಮೇಲೆ ನುಂಗಲಾಗುವುದಿಲ್ಲ. ತುಪ್ಪ ಸವರಿದ ಚಪಾತಿ ಒಂದು ತುಂಡು ಕೊಡು. ಹೊಟ್ಟೆ ಬಿರಿಯುವಷ್ಟು ಬೇಡ, ಮಂಪರಿನಲ್ಲಿ ವಾಂತಿಯಾದೀತು. ನೀನು ಅವನ ಮುಖದ ಹತ್ತಿರ ಕೂತುಕೋ. ಕಿವಿ ಕಡೆಯವರೆಗೂ ಕೇಳುತ್ತೆ ಎಂದುಕೊಂಡು ಮಾತಾಡುತ್ತಾ ಇರು, ಕನ್ನಡದಲ್ಲೇ. ಅವನಿಗೆ ಬರುವ ಭಾಷೆ ಅದೇ ತಾನೆ.

ಮಕ್ಕಳಿಗೆ "ಸಿಂಬಾ ಸತ್ತುಹೋಗ್ತಾನೆ, ಮತ್ತೆ ಬರಲ್ಲ" ಎಂದು ನೆಟ್ಟಗೆ ಹೇಳು. ಹತ್ತಿರ ಇರುತ್ತೇವೆ ಅಂದರೆ ಇರಲಿ, ಬೇಡವೆಂದರೆ ಬಲವಂತ ಬೇಡ. ದಹನಕ್ಕೆ ವಿಲ್ಲೋಬ್ರೂಕ್‌ನಲ್ಲಿ ಪ್ರಾಣಿಗಳ ಸ್ಮಶಾನ, ಚಿತಾಗಾರ ಎರಡೂ ಇವೆ, ಡಾಕ್ಟರೇ ವ್ಯವಸ್ಥೆ ಮಾಡಿಕೊಡುತ್ತಾರೆ. ಬೂದಿ ಬೇಕಿದ್ದರೆ ಅವನೊಬ್ಬನನ್ನೇ ಪ್ರತ್ಯೇಕವಾಗಿ ಸುಡುವಂತೆ ಕೇಳಬೇಕು, ಇಲ್ಲದಿದ್ದರೆ ಎಲ್ಲರದೂ ಒಟ್ಟಿಗೆ. ಹಿತ್ತಲಲ್ಲಿ ಹೂಳುವ ಯೋಚನೆ ನನಗೆ ಒಪ್ಪಿಗೆಯಿಲ್ಲ. ಜನವರಿಯಲ್ಲಿ ನೆಲ ಕಲ್ಲಾಗಿರುತ್ತೆ, ಆಳ ತೋಡಲಾಗುವುದಿಲ್ಲ. ಆ ಪೆಂಟೊಬಾರ್ಬಿಟಾಲ್ ದೇಹದಲ್ಲಿ ಬಹಳ ಕಾಲ ಉಳಿಯುತ್ತೆ. ಆ ದೇಹವನ್ನು ಕೆದರಿ ತಿಂದ ನರಿ, ಹದ್ದುಗಳೂ ಸಾಯುತ್ತವೆ. ನಮ್ಮ ಫಾಕ್ಸ್ ನದಿಗೆ ಚಳಿಗಾಲದಲ್ಲಿ ಬಿಳಿತಲೆಯ ಹದ್ದುಗಳು ಬರುವುದನ್ನು ನೀನೇ ತೋರಿಸಿದ್ದೆಯಲ್ಲ.

"ನಾಯಿಗೆ ಇಷ್ಟು ಅಳೋದಾ" ಎಂದು ಕೂಟದಲ್ಲಿ ಯಾರಾದರೂ ನಕ್ಕರೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ತೋರಿಸು. ಗಂಗರ ಬೂತುಗನ ಕಾಲ, ಕ್ರಿ.ಶ. 950ರ ಆಸುಪಾಸು. ಮಣಲೇರ ಎಂಬ ವೀರ ರಾಜನಲ್ಲಿ ಬಹುಮಾನವಾಗಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಅದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಆ ನಾಯಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ಮಾಡದೆ ಉಣ್ಣುವ ಗೊರವ ಪೂಜಾರಿಗೆ ಪಾಪ ಎಂದು ಬರೆಸಿದರು. ಈಗ ಅದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ, ಮುಂದಿನ ಸಲ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗು. ಅಳು ತಡೆಯದೆ ದಿನಗಟ್ಟಲೆ ಹಾಗೇ ಇದ್ದರೆ ಸಂಕೋಚ ಬಿಟ್ಟು ನಿನ್ನ ಡಾಕ್ಟರಿಗೇ ಹೇಳು, ಸಾಕುಪ್ರಾಣಿ ಕಳೆದುಕೊಂಡವರೊಡನೆ ಮಾತಾಡುವ ಗುಂಪುಗಳು, ಫೋನ್ ನಂಬರುಗಳು ಅವರ ಬಳಿ ಇರುತ್ತವೆ.

ಆಮೇಲಿನ ಸಣ್ಣ ಕೆಲಸಗಳನ್ನು ಗಂಡನಿಗೆ ಒಪ್ಪಿಸು. ಮೈಕ್ರೋಚಿಪ್ ಕಂಪನಿಗೆ ತಿಳಿಸಬೇಕು. ಉಳಿದ ಗ್ಯಾಬಪೆಂಟಿನ್ ಮಾವನವರ ಮಾತ್ರೆಗಳ ಜೊತೆ ಸೇರದಂತೆ ಅಂದೇ ತೆಗೆಯಬೇಕು. ಮುಖ್ಯವಾಗಿ, ತಿಂಗಳಿಗೊಮ್ಮೆ ತಾನಾಗಿ ಬರುವ ನಾಯಿ ಊಟದ ಆರ್ಡರನ್ನು ಇವತ್ತೇ ನಿಲ್ಲಿಸಲಿ. ಇಲ್ಲದಿದ್ದರೆ ಮೂವತ್ತು ಪೌಂಡಿನ ಚೀಲ ಮುಂದಿನ ತಿಂಗಳು ಬಾಗಿಲಿಗೆ ಬಂದು ಬೀಳುತ್ತೆ.