ಕಣ ಎಣಿಸು, ಆಮೇಲೆ ಗುಣಿಸು

ಮಗೂ, ಒಂದೇ ದ್ರಾವ್ಯ ಇರುವ ಲೆಕ್ಕವನ್ನು ಸಲೀಸಾಗಿ ಮಾಡುತ್ತೀಯ. ನೀರಿಗೆ ಮೂರು ನಾಲ್ಕು ಪದಾರ್ಥ ಬಿದ್ದರೆ ಮಾತ್ರ ನಿನ್ನ ಪೆನ್ನು ನಿಂತುಬಿಡುತ್ತದೆ. ಅದಕ್ಕೆಂದು ಹೊಸ ಸೂತ್ರ ಹುಡುಕಬೇಡ. ಘನೀಕರಣ ಬಿಂದು ಎಷ್ಟು ಇಳಿಯುತ್ತದೆ ಅನ್ನುವುದನ್ನು ನಿರ್ಧರಿಸುವುದು ಕರಗಿದ ಕಣಗಳ ಸಂಖ್ಯೆ. ಯಾವ ಪದಾರ್ಥದ ಕಣ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.

ಉಲ್ಲಾಳ ಮುಖ್ಯರಸ್ತೆಯ ಮೆಡಿಕಲ್ ಸ್ಟೋರಿನಿಂದ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಂದು ಓಆರ್‌ಎಸ್ ಪೊಟ್ಟಣ ತಂದು ಹಿಂಬದಿ ಓದು. ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸೋಡಿಯಂ ಸಿಟ್ರೇಟ್ 2.9. ಒಂದೊಂದನ್ನೂ ಅದರದರ ಅಣುತೂಕದಿಂದ ಭಾಗಿಸು: ಸುಮಾರು 75, 45, 20, 10 ಮಿಲಿಮೋಲ್. ಈಗ ಕಣ ಎಣಿಸು. ಗ್ಲೂಕೋಸ್ ಒಡೆಯುವುದಿಲ್ಲ, 75. ಉಪ್ಪು ಎರಡು ಅಯಾನಾಗುತ್ತದೆ, 90. ಪೊಟ್ಯಾಸಿಯಂ ಕ್ಲೋರೈಡೂ ಎರಡು, 40. ಸಿಟ್ರೇಟ್ ಲವಣದಿಂದ ಮೂರು ಸೋಡಿಯಂ, ಒಂದು ಸಿಟ್ರೇಟ್, ಒಟ್ಟು ನಾಲ್ಕು, ಹಾಗಾಗಿ 40. ಎಲ್ಲ ಕೂಡಿದರೆ 245. ಇಷ್ಟು ತೆಳು ದ್ರಾವಣದಲ್ಲಿ ಲೀಟರನ್ನು ಒಂದು ಕೆಜಿ ನೀರೆಂದೇ ಹಿಡಿಯಬಹುದು. 0.245ನ್ನು ನೀರಿನ ಸ್ಥಿರಾಂಕ 1.86ರಿಂದ ಗುಣಿಸು. ಸುಮಾರು 0.46 ಡಿಗ್ರಿ ಇಳಿಕೆ. ಅಯಾನುಗಳು ಒಂದನ್ನೊಂದು ಸೆಳೆಯುವುದರಿಂದ ನಿಜವಾದ ಇಳಿಕೆ ಇದಕ್ಕಿಂತ ತುಸು ಕಡಿಮೆ.

ಗಮನಿಸಿದೆಯಾ? ತೂಕದಲ್ಲಿ ಉಪ್ಪು ಗ್ಲೂಕೋಸಿನ ಐದನೇ ಒಂದು ಭಾಗವೂ ಇಲ್ಲ, ಕಣಗಳಲ್ಲಿ ಅದನ್ನು ಮೀರಿಸಿತು. ಆದ್ದರಿಂದ ಗ್ರಾಂಗಳನ್ನು ಎಂದೂ ಕೂಡಬೇಡ. ಉಪ್ಪಿನ ‘ಎರಡ’ನ್ನು ಇಡೀ ಮೊತ್ತಕ್ಕೆ ಹಚ್ಚಬೇಡ. ಮೋಲಾಲಿಟಿಗೆ ದ್ರಾವಕದ ತೂಕ ಹಿಡಿ, ದ್ರಾವಣದ್ದಲ್ಲ. ಎಲ್ಲಕ್ಕಿಂತ ಮೊದಲು, ಹಾಕಿದ ಪದಾರ್ಥಗಳು ತಮ್ಮತಮ್ಮಲ್ಲೇ ವರ್ತಿಸುತ್ತವೆಯೇ ನೋಡು. ಉಪ್ಪು ಮತ್ತು ಬೆಳ್ಳಿ ನೈಟ್ರೇಟ್ ಸೇರಿದರೆ ಬೆಳ್ಳಿ ಕ್ಲೋರೈಡ್ ತಳ ಸೇರುತ್ತದೆ. ತಳ ಸೇರಿದ್ದನ್ನು ಎಣಿಸುವಂತಿಲ್ಲ.

ಈ ಲೆಕ್ಕ ಪರೀಕ್ಷೆಗಷ್ಟೇ ಅಲ್ಲ. ಹಸುವಿನ ಹಾಲು ಸೊನ್ನೆಗಿಂತ ಸುಮಾರು ಅರ್ಧ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಆ ಇಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲ್ಯಾಕ್ಟೋಸಿನದು, ಉಳಿದದ್ದು ಬಹುಪಾಲು ಲವಣಗಳದು. ಕೊಬ್ಬು ಕರಗುವುದಿಲ್ಲ, ಅದಕ್ಕೆ ಪಾಲಿಲ್ಲ. ನೀರು ಬೆರೆಸಿದರೆ ಅಂಕಿ ಸೊನ್ನೆಯತ್ತ ಏರುತ್ತದೆ; ಡೇರಿಯ ಪ್ರಯೋಗಾಲಯ ಮೋಸ ಹಿಡಿಯುವುದು ಹೀಗೆ. ಆದರೆ ನೀರಿನ ಜೊತೆ ಸಕ್ಕರೆಯನ್ನೋ ಯೂರಿಯವನ್ನೋ ಸೇರಿಸಿದರೆ ಅಂಕಿ ಮತ್ತೆ ಸರಿಯಾಗಿ ಕಾಣುತ್ತದೆ. ಅದಕ್ಕೇ ಅವನ್ನು ಬೇರೆಯಾಗಿ ಪರೀಕ್ಷಿಸಬೇಕು.

ಹಾಗಾಗಿ ಉತ್ತರಪತ್ರಿಕೆಯಲ್ಲಿ ಮೊದಲು ನಾಲ್ಕು ಕಾಲಂ ಎಳೆ: ಪದಾರ್ಥ, ಮೋಲ್, ಒಡೆದಾಗ ಎಷ್ಟು, ಕಣ. ಕೊನೆಯ ಕಾಲಂ ಕೂಡಿ ಒಂದೇ ಸಲ ಗುಣಿಸು. ಪದಾರ್ಥ ಹತ್ತಿದ್ದರೂ ನಿನ್ನ ಕೈ ತಡವರಿಸುವುದಿಲ್ಲ.